ನಿದ್ದೆಗೇಡಿ ಮನೆತನದವರ ಪರವಾಗಿ

ನಿದ್ದೆ ಬರುವುದಿಲ್ಲ ಅಂತ ಒಂದು ಸಲ ಬಾಯಿ ಬಿಟ್ಟು ಹೇಳಿ ನೋಡಿ. ದಿಂಬಿಗೆ ತಲೆ ಕೊಟ್ಟ ಕೂಡಲೇ ಗೊರಕೆ ಹೊಡೆಯುವವರೆಲ್ಲ ಬುದ್ಧಿ ಹೇಳಲು ಬರುತ್ತಾರೆ. ಮೊಬೈಲ್ ಬಿಡು, ಗಸಗಸೆ ಪಾಯಸ ಕುಡಿ, ಪಾದಕ್ಕೆ ಹರಳೆಣ್ಣೆ ಹಚ್ಚು, ಇಲ್ಲದ್ದನ್ನೆಲ್ಲಾ ತಲೆಗೆ ಹಚ್ಚಿಕೊಳ್ಳಬೇಡ. ಬೇಡ ಅಂದರೆ ತಲೆ ಸುಮ್ಮನಾಗುವ ಹಾಗಿದ್ದರೆ ಇಷ್ಟೆಲ್ಲಾ ಯಾಕೆ ಬೇಕಿತ್ತು ಹೇಳಿ.

ನಮ್ಮ ತಾಯಿ ಕಡೆಯ ಹೆಂಗಸರಿಗೆ ನಿದ್ದೆ ಕಡಿಮೆ. ಅಜ್ಜಿಗೆ ಹಾಗೇ ಇತ್ತಂತೆ, ದೊಡ್ಡಮ್ಮನಿಗೆ ಇತ್ತು, ಅಮ್ಮನಿಗೆ ಇದೆ, ನನಗೂ ಬಂದಿದೆ. ಅವರೆಕಾಯಿ ಕಾಲದಲ್ಲಿ ಅಮ್ಮ ರಾತ್ರಿ ಎರಡೂವರೆಗೆ ಅಡುಗೆಮನೆ ದೀಪ ಹಾಕಿಕೊಂಡು, ನೆನೆಸಿದ ಕಾಳನ್ನು ಒಂದೊಂದೇ ಹಿದುಕುತ್ತಾ ಕೂತಿರುತ್ತಿದ್ದಳು. ಒಂದು ಕಡೆ ಬೇಳೆ, ಇನ್ನೊಂದು ಕಡೆ ಸಿಪ್ಪೆಯ ಗುಡ್ಡೆ. ಬೆಳಿಗ್ಗೆ ಎದ್ದರೆ ನಮಗೆ ಹಿದುಕಿದ ಬೇಳೆ ಸಾರು, ಅವಳಿಗೆ ಕೆಂಪು ಕಣ್ಣು. ಆಗ ಮೊಬೈಲ್ ಎಲ್ಲಿತ್ತು? ಕಾಫಿಯೂ ಬೆಳಗಿನ ಒಂದೇ ಲೋಟ. ಆದರೂ ನೆಂಟರ ಬಾಯಲ್ಲಿ ಒಂದೇ ಮಾತು, ಅವಳಿಗೆ ಚಿಂತೆ ಜಾಸ್ತಿ, ಅವಳೇ ತಂದುಕೊಂಡಿದ್ದು ಅಂತ.

ಮೊನ್ನೆ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ವಿಡಿಯೋ ಹಾಕಿದರು. ನಿದ್ದೆಯಿಲ್ಲದೇ ಸಾಯುವ ವಂಶದ ಕಥೆ. ಹಿನ್ನೆಲೆಯಲ್ಲಿ ದೆವ್ವದ ಸಿನಿಮಾ ಸಂಗೀತ. ಅರ್ಧ ಗಂಟೆಯಲ್ಲಿ ಚಿಕ್ಕಮ್ಮನ ಫೋನ್: "ಏನೇ ಇದು, ನಮಗೂ ಹೀಗೇ ಆಗುತ್ತಾ?" ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಕಾಯಿಲೆ ಇರುವುದು ನಿಜ. ಇಟಲಿಯ ವೆನಿಸ್ ಕಡೆಯ ಒಂದು ಮನೆತನದಲ್ಲಿ ಅದು ತಲೆಮಾರುಗಳಿಂದ ಇಳಿದು ಬಂದಿತ್ತು. ಬೊಲೋನಾದ ಎಲಿಯೋ ಲುಗಾರೇಸಿ ಎಂಬ ನರರೋಗ ತಜ್ಞರ ತಂಡ ಆ ಮನೆಯ ಒಬ್ಬರನ್ನು ಆಸ್ಪತ್ರೆಯಲ್ಲಿಟ್ಟು ಪರೀಕ್ಷೆ ಮಾಡಿ, 1986ರಲ್ಲಿ ಅದಕ್ಕೆ ಫೇಟಲ್ ಫ್ಯಾಮಿಲಿಯಲ್ ಇನ್ಸೋಮ್ನಿಯಾ, ಅಂದರೆ ವಂಶದಲ್ಲಿ ಬರುವ ಮಾರಕ ನಿದ್ರಾಹೀನತೆ, ಎಂದು ಹೆಸರು ಕೊಟ್ಟಿತು. 20ನೇ ವರ್ಣತಂತುವಿನಲ್ಲಿರುವ ಪಿಆರ್‌ಎನ್‌ಪಿ ಎಂಬ ಜೀನ್‌ನಲ್ಲಿ ಒಂದು ಅಕ್ಷರದಷ್ಟು ಬದಲಾವಣೆ, ಅಷ್ಟೇ. ಅದರಿಂದ ಮಿದುಳಿನ ಒಂದು ಪ್ರೋಟೀನ್ ತಪ್ಪಾಗಿ ಮಡಚಿಕೊಂಡು, ಮಿದುಳಿನ ನಟ್ಟನಡುವಿನ ಥಲಾಮಸ್ ಭಾಗವನ್ನು ಹಾಳು ಮಾಡುತ್ತದೆ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ಶುರುವಾಗುತ್ತದೆ. ವಿಪರೀತ ಬೆವರು, ತೂಕ ಇಳಿಯುವುದು, ನಡಿಗೆ ತಪ್ಪುವುದು, ಮರೆವು, ಇವೆಲ್ಲ ಜೊತೆಗೆ ಸೇರಿಕೊಳ್ಳುತ್ತವೆ. ಮದ್ದಿಲ್ಲ. ಆದರೆ ಜಗತ್ತಿನಲ್ಲೆಲ್ಲಾ ಹುಡುಕಿದರೂ ಇದು ಗೊತ್ತಾಗಿರುವುದು ಹತ್ತಾರು ಕುಟುಂಬಗಳಲ್ಲಿ ಮಾತ್ರ. ಅಜ್ಜಿ ಎಂಬತ್ತು ದಾಟುವವರೆಗೆ ಬದುಕಿ, ಕಡೆಯವರೆಗೂ ಮನೆ ಲೆಕ್ಕ ಬಾಯಲ್ಲೇ ಹೇಳುತ್ತಿದ್ದರು. ನಮ್ಮದು ಅದಲ್ಲ ಚಿಕ್ಕಮ್ಮ, ಧೈರ್ಯವಾಗಿರಿ.

ಹಾಗಾದರೆ ನಮ್ಮಂಥವರದ್ದು ವಂಶದ್ದಾ ಅಲ್ಲವಾ? ವಂಶದ್ದೂ ಹೌದು. ಇದನ್ನು ಪತ್ತೆ ಮಾಡಿದ ಹಳೇ ದಾರಿ ಅವಳಿ ಮಕ್ಕಳು. ತದ್ರೂಪಿ ಅವಳಿಗಳ ಜೀನ್‌ಗಳು ಹೆಚ್ಚುಕಡಿಮೆ ಒಂದೇ, ಬೇರೆ ಅವಳಿಗಳದ್ದು ಮಾಮೂಲಿ ಅಣ್ಣತಮ್ಮಂದಿರಷ್ಟು ಮಾತ್ರ ಹೊಂದುತ್ತದೆ. ಎರಡೂ ಜೋಡಿಗಳು ಬೆಳೆದಿದ್ದು ಒಂದೇ ಮನೆಯಲ್ಲಿ. ತದ್ರೂಪಿಗಳಲ್ಲಿ ಇಬ್ಬರೂ ನಿದ್ದೆಗೆಟ್ಟವರಾಗಿರುವುದು ಜಾಸ್ತಿ ಕಂಡರೆ, ಆ ಹೆಚ್ಚುವರಿಯಲ್ಲಿ ಜೀನ್‌ಗಳ ಕೈವಾಡ ಇದೆ ಎಂದರ್ಥ. ಅಮೆರಿಕದ ವರ್ಜೀನಿಯಾ ಅವಳಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ವಂಶದ ಪಾಲು ಹೆಂಗಸರಲ್ಲಿ ಸುಮಾರು 59%, ಗಂಡಸರಲ್ಲಿ 38% ಎಂದು ಬಂತು. ಬೇರೆ ಅಧ್ಯಯನಗಳ ಲೆಕ್ಕ ಬೇರೆಬೇರೆ, ಒಟ್ಟು ನೋಡಿದರೆ 40%ರ ಆಸುಪಾಸು. ನನ್ನ ನಿದ್ದೆಗೇಡಿತನದಲ್ಲಿ ನೂರಕ್ಕೆ 40 ಭಾಗ ಅಜ್ಜಿಯದ್ದು ಅಂತ ಇದನ್ನು ಓದಬಾರದು. ಜನರ ಗುಂಪಿನಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಇರುವ ವ್ಯತ್ಯಾಸದಲ್ಲಿ ಜೀನ್‌ಗಳ ಪಾಲು ಎಷ್ಟು ಅನ್ನುವ ಲೆಕ್ಕ ಅದು. ಟಿವಿಯಲ್ಲಿ ಇದನ್ನು ಸರಿಯಾಗಿ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ದೊಡ್ಡ ಕೆಲಸ ಆಗಿದ್ದು 2019ರಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ದಾನಿಯೆಲ್ ಪೋಸ್ತುಮಾ ಅವರ ತಂಡ 13,31,010 ಜನರ ಡಿಎನ್‌ಎ ಮಾಹಿತಿ ಜಾಲಾಡಿತು. ಬ್ರಿಟನ್ನಿನಲ್ಲಿ ಜನರ ಆರೋಗ್ಯ ಮಾಹಿತಿ ಕೂಡಿಡುವ ಯುಕೆ ಬಯೋಬ್ಯಾಂಕ್‌ನವರು ಒಂದಿಷ್ಟು, ಉಗುಳಿನಿಂದ ಜೀನ್ ಪರೀಕ್ಷೆ ಮಾಡುವ ಅಮೆರಿಕದ 23ಆಂಡ್‌ಮಿ ಕಂಪನಿಯ ಗ್ರಾಹಕರು ಇನ್ನಷ್ಟು. ಸಿಕ್ಕಿದ್ದು ಡಿಎನ್‌ಎಯಲ್ಲಿ ನಿದ್ದೆಗೇಡಿತನಕ್ಕೆ ಸಂಬಂಧಿಸಿದ 202 ಜಾಗಗಳು, ಅವುಗಳ ಜೊತೆ ನಂಟಿರುವ 956 ಜೀನ್‌ಗಳು. ನಿದ್ದೆ ಕೆಡಿಸುವ ಒಂದು ಜೀನ್ ಅನ್ನುವ ಮಾತಿಗೇ ಇಲ್ಲಿ ಅರ್ಥವಿಲ್ಲ. ಒಂದೊಂದರ ಪ್ರಭಾವವೂ ಸಾಸಿವೆಯಷ್ಟು. ಆ ಅಧ್ಯಯನ ಅಳೆದ ಸಾಮಾನ್ಯ ಬದಲಾವಣೆಗಳನ್ನೆಲ್ಲಾ ಕೂಡಿಸಿದರೂ ಜನರ ನಡುವಿನ ವ್ಯತ್ಯಾಸದಲ್ಲಿ 7%ರಷ್ಟನ್ನು ಮಾತ್ರ ವಿವರಿಸಬಹುದು. ಅವಳಿಗಳು ಹೇಳುವ 40ಕ್ಕೂ ಈ 7ಕ್ಕೂ ನಡುವೆ ಇರುವುದರ ಲೆಕ್ಕ ಇನ್ನೂ ಪೂರ್ತಿ ಹೊಂದಿಲ್ಲ.

ಅಮೆರಿಕದಲ್ಲಿರುವ ದೊಡ್ಡಮ್ಮನ ಮಗ ಉಗುಳು ಕಳಿಸುವ ಕಿಟ್ ತರಿಸಿ ಪರೀಕ್ಷೆ ಮಾಡಿಸಿದ. ಬಣ್ಣಬಣ್ಣದ ವರದಿ ಬಂತು, ನಿನ್ನ ನಿದ್ದೆ ಮಾಮೂಲಿ ಅಂತ. ಅವನು ಅದನ್ನು ನನಗೆ ಕಳಿಸಿದ್ದು ಅವನ ಊರಿನ ರಾತ್ರಿ ಮೂರು ಗಂಟೆಗೆ! ಈ ಅಧ್ಯಯನಗಳಲ್ಲಿ ಇರುವವರು ಬಹುಪಾಲು ಯುರೋಪ್ ಮೂಲದವರು ಅನ್ನುವುದನ್ನೂ ಮರೆಯಬೇಡಿ. ಅವರ ಜೀನ್ ಲೆಕ್ಕದಲ್ಲಿ ಕಟ್ಟಿದ, ಇಂಥ ವರದಿ ಕೊಡುವ ಅಂಕವನ್ನು ಹಾಸನದ ಮೂಲದವರ ಮೇಲೆ ಹಾಕಿದರೆ ಗುರಿ ಇನ್ನೂ ತಪ್ಪುತ್ತದೆ. ಆ ದುಡ್ಡಿಗೆ ಒಂದು ಒಳ್ಳೆ ಹಾಸಿಗೆ ಬರುತ್ತಿತ್ತು.

ಆದರೆ ಆ 2019ರ ಕೆಲಸದಲ್ಲಿ ನನ್ನನ್ನು ಹಿಡಿದು ಕೂರಿಸಿದ ಒಂದು ವಿಷಯ ಇದೆ. ನಿದ್ರಾಹೀನತೆಯ ಜೀನ್‌ಗಳು ಬೆಳಿಗ್ಗೆ ಬೇಗ ಏಳುವುದು, ರಾತ್ರಿ ತಡವಾಗಿ ಮಲಗುವುದು ಇಂಥ ನಿದ್ದೆಯ ಗುಣಗಳಿಗಿಂತ ಖಿನ್ನತೆ, ಆತಂಕ, ಬೇಗ ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವ ಇವುಗಳ ಜೊತೆಗೇ ಹೆಚ್ಚು ಹೊಂದುತ್ತವೆ. ಅಂದರೆ ನೆಂಟರು ಹೇಳಿದ "ಚಿಂತೆ ಜಾಸ್ತಿ" ಅನ್ನುವುದು ಪೂರ್ತಿ ಸುಳ್ಳಲ್ಲ. "ಅವಳೇ ತಂದುಕೊಂಡಿದ್ದು" ಅನ್ನುವುದು ಮಾತ್ರ ಸುಳ್ಳು. ಸಣ್ಣ ಸದ್ದಿಗೂ ಎಚ್ಚರಾಗುವ, ನಾಳೆಯ ಕೆಲಸವನ್ನು ಇವತ್ತೇ ತಲೆಯಲ್ಲಿ ಮಾಡಿ ಮುಗಿಸುವ ಮನಸ್ಸು ಅವಳಿಗೆ ಹುಟ್ಟಿನಿಂದಲೇ ಸ್ವಲ್ಪ ಬಂದಿರಬಹುದು. ಅದಕ್ಕೆ ಅಮ್ಮನನ್ನು ಜೀವನಪೂರ್ತಿ ಬೈದಿದ್ದು ಅನ್ಯಾಯ ಅಲ್ವಾ?

ಇನ್ನೊಂದು ಜೀನ್ ಹೆಸರು ಹೇಳಲೇಬೇಕು, ಎಂಇಐಎಸ್1. ನಿದ್ರಾಹೀನತೆ ಹುಡುಕಿದ ಒಂದಕ್ಕಿಂತ ಹೆಚ್ಚು ಅಧ್ಯಯನಗಳಲ್ಲಿ ಇದು ಎದ್ದು ಕಂಡಿತು. ಇದು ಕಾಲು ತಡೆಯಲಾರದಂತೆ ಚಡಪಡಿಸುವ ತೊಂದರೆಯ ಜೀನ್ ಎಂದು ಮೊದಲೇ ಗೊತ್ತಿತ್ತು. ಓದಿದ ಕೂಡಲೇ ದೊಡ್ಡಮ್ಮ ನೆನಪಾದರು. ಮಲಗಿದರೆ ಸಾಕು, ಮೀನಖಂಡದೊಳಗೆ ಇರುವೆ ಹರಿದಂತೆ ಆಗುತ್ತದೆ ಅನ್ನುತ್ತಿದ್ದರು. ಹಳೇ ಸೀರೆ ಹರಿದು, ಮಂಡಿಯಿಂದ ಕೆಳಗೆ ಬಿಗಿಯಾಗಿ ಸುತ್ತಿ ಗಂಟು ಹಾಕಿಕೊಳ್ಳುತ್ತಿದ್ದರು. ಆಗಲೂ ಆಗದಿದ್ದರೆ ಎದ್ದು ಹಜಾರದಲ್ಲಿ ನಡೆಯುವುದು. ನಡೆದರೆ ಕಡಿಮೆ, ಮಲಗಿದರೆ ಮತ್ತೆ ಶುರು. ನಾವೆಲ್ಲ ವಾಯು ಅಂದುಕೊಂಡೆವು. ನಿಮ್ಮ ಮನೆಯಲ್ಲೂ ಹೀಗೆ ಕಾಲು ಕಟ್ಟಿಕೊಂಡು ಮಲಗುವವರು ಇದ್ದರೆ ದಯವಿಟ್ಟು ಡಾಕ್ಟರಿಗೆ ತೋರಿಸಿ. ಕಬ್ಬಿಣದ ಅಂಶ ಕಡಿಮೆ ಇದ್ದರೂ ಇದು ಜಾಸ್ತಿಯಾಗುತ್ತದೆ, ಅದಕ್ಕೆ ಫೆರಿಟಿನ್ ಅನ್ನುವ ರಕ್ತಪರೀಕ್ಷೆ ಇದೆ, ಚಿಕಿತ್ಸೆಯೂ ಇದೆ.

ನಾಲ್ಕೈದು ಗಂಟೆ ಮಲಗಿದರೆ ಸಾಕು, ನನ್ನದು ಹಾಗೇ ಬಾಡಿ ಎಂದು ಜಂಬ ಕೊಚ್ಚುವವರಿಗೂ ಒಂದು ಮಾತು. ಅಂಥ ಜೀನ್ ನಿಜವಾಗಿಯೂ ಇದೆ. 2009ರಲ್ಲಿ ಕ್ಯಾಲಿಫೋರ್ನಿಯಾದ ಯಿಂಗ್-ಹುಯಿ ಫು ಅವರ ತಂಡ ಡಿಇಸಿ2 ಎಂಬ ಜೀನ್‌ನ ಅಪರೂಪದ ಬದಲಾವಣೆಯನ್ನು ಒಬ್ಬ ತಾಯಿ, ಮಗಳಲ್ಲಿ ಕಂಡಿತು. ಅವರು ಮಲಗುತ್ತಿದ್ದದ್ದು ಆರೂಕಾಲು ಗಂಟೆಯಷ್ಟು. ನಾಲ್ಕಲ್ಲ! ಅದೂ ಹಗಲಲ್ಲಿ ತೂಕಡಿಕೆ ಇಲ್ಲದೆ. ಮೀಟಿಂಗಿನಲ್ಲಿ ಕಣ್ಣು ತೇಲಿಸುವವರು ಆ ಪಟ್ಟಿಗೆ ಸೇರುವುದಿಲ್ಲ.

ಈಗ ನನ್ನ ತಕರಾರು. ವಂಶದ್ದು ಅಂದ ಕೂಡಲೇ ನಮ್ಮವರು ಹಣೆಬರಹ ಅಂತ ಕೈಚೆಲ್ಲುತ್ತಾರೆ. ಅಪ್ಪನಿಗೆ ಕನ್ನಡಕ ಇದ್ದರೆ ಮಗಳಿಗೂ ಬರಬಹುದು, ಹಾಗಂತ ಯಾರಾದರೂ ಕನ್ನಡಕ ಹಾಕಿಸುವುದು ಬಿಡುತ್ತಾರಾ? ಆರ್ಥರ್ ಸ್ಪೀಲ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲೇ ಇದನ್ನು ಮೂರು ಭಾಗ ಮಾಡಿ ತೋರಿಸಿದ್ದರು. ಮೊದಲಿನಿಂದ ಇರುವ ಒಲವು ಒಂದು, ಜೀನ್ ಬರುವುದು ಇಲ್ಲಿ. ಆಮೇಲೆ ಹೆರಿಗೆ, ಸಾವು, ಸಾಲ, ಕೆಲಸ ಹೋಗುವುದು, ಹೀಗೆ ಅದನ್ನು ಎಬ್ಬಿಸುವ ಸಂಗತಿ. ಕೊನೆಯದು, ಆ ಸಂಗತಿ ಮುಗಿದ ಮೇಲೂ ನಿದ್ದೆ ಬಾರದಂತೆ ಮಾಡುವ ನಮ್ಮದೇ ರೂಢಿಗಳು. ಒಂಬತ್ತಕ್ಕೇ ಹೋಗಿ ಮಲಗುವುದು, ಮಧ್ಯಾಹ್ನ ಎರಡು ಗಂಟೆ ಒರಗುವುದು, ರಾತ್ರಿ ಗಡಿಯಾರ ನೋಡಿ ನೋಡಿ ಎದೆ ಹೊಡೆದುಕೊಳ್ಳುವುದು. ಮೊದಲನೆಯದನ್ನು ಮುಟ್ಟಲು ಆಗುವುದಿಲ್ಲ. ಮೂರನೆಯದು ಪೂರ್ತಿ ನಮ್ಮ ಕೈಯಲ್ಲಿದೆ.

ಅದಕ್ಕೆ ಇರುವ ಚಿಕಿತ್ಸೆಯನ್ನು ಸಿಬಿಟಿ-ಐ ಅನ್ನುತ್ತಾರೆ, ನಿದ್ದೆಯ ಬಗೆಗಿನ ಯೋಚನೆ ಮತ್ತು ರೂಢಿಗಳನ್ನು ತಿದ್ದುವ, ಮಾತ್ರೆಯಿಲ್ಲದ ಚಿಕಿತ್ಸೆ. ಅಮೆರಿಕದ ವೈದ್ಯರ ಸಂಘ, ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್, 2016ರಲ್ಲೇ ಮಾತ್ರೆಗಿಂತ ಮೊದಲು ಇದನ್ನು ಕೊಡಿ ಎಂದು ಹೇಳಿದೆ. ನನಗೆ ಹೇಳಿಕೊಟ್ಟಾಗ ಜಗಳವೇ ಆಡಿದೆ, ಯಾಕೆಂದರೆ ಮೊದಲು ಹೇಳುವುದು ಹಾಸಿಗೆಯಲ್ಲಿ ಕಳೆಯುವ ಸಮಯ ಕಡಿಮೆ ಮಾಡಿ ಅಂತ! ನಿದ್ದೆ ಇಲ್ಲದವಳಿಗೆ ಹನ್ನೆರಡೂವರೆಗೆ ಮುಂಚೆ ಮಲಗಬೇಡ, ಆರಕ್ಕೆ ಎದ್ದೇಳು, ಭಾನುವಾರವೂ ಅಷ್ಟೇ ಅಂದರೆ ಹೇಗಿರುತ್ತದೆ? ಶುರುವಿನ ದಿನಗಳು ನರಕ. ಕುಕ್ಕರ್ ಕೂಗುವುದು ಎಣಿಸುತ್ತಾ ನಿಂತಲ್ಲೇ ಜೊಂಪು ಹತ್ತುತ್ತಿತ್ತು. ಆಮೇಲೆ ಹಾಸಿಗೆಗೆ ಹೋದರೆ ಹೊರಳಾಡುವುದು ಕಡಿಮೆಯಾಯಿತು, ನಿದ್ದೆ ಗಟ್ಟಿಯಾದಂತೆ ಮಲಗುವ ಸಮಯವನ್ನು ಸ್ವಲ್ಪಸ್ವಲ್ಪ ಹಿಂದಕ್ಕೆ ತಂದರು. ಪೂರ್ತಿ ವಾಸಿಯಾಯಿತಾ ಅಂದರೆ ಇಲ್ಲ, ಮನೆಯಲ್ಲಿ ಏನಾದರೂ ಆದರೆ ಮತ್ತೆ ಕೆಡುತ್ತದೆ. ಆದರೆ ಈಗ ಏನು ಮಾಡಬೇಕು ಅಂತ ಗೊತ್ತಿದೆ. ಇದನ್ನು ತಿಳಿದವರ ಕೈಯಲ್ಲೇ ಮಾಡಿಸಿಕೊಳ್ಳಿ, ಮೂರ್ಛೆ ರೋಗ, ಬೈಪೋಲಾರ್ ಎಂಬ ಮನೋರೋಗ ಇರುವವರು ನಿದ್ದೆ ಕಡಿಮೆ ಮಾಡುವ ಸಾಹಸಕ್ಕೆ ತಾವಾಗಿ ಇಳಿಯಬಾರದು.

ಡಾಕ್ಟರ ಹತ್ತಿರ ಹೋದಾಗ ಮನೆಯಲ್ಲಿ ಇನ್ನಾರಿಗಿದೆ ಎಂಬುದನ್ನೂ ಹೇಳಿ. ಗೊರಕೆಯ ನಡುವೆ ಉಸಿರು ನಿಂತಂತೆ ಆಗುತ್ತದಾ, ಕಾಲು ಚಡಪಡಿಸುತ್ತದಾ, ಯಾವ ವಯಸ್ಸಿಗೆ ಶುರುವಾಯಿತು, ಇಷ್ಟನ್ನು ಅಮ್ಮನನ್ನೋ ಅತ್ತೆಯನ್ನೋ ಕೇಳಿಕೊಂಡು ಒಂದು ಚೀಟಿಯಲ್ಲಿ ಬರೆದು ತೆಗೆದುಕೊಂಡು ಹೋದರೆ ಸಾಕು. ಉಗುಳಿನ ಕಿಟ್‌ಗಿಂತ ಆ ಚೀಟಿಯೇ ಅವರಿಗೆ ಜಾಸ್ತಿ ಕೆಲಸಕ್ಕೆ ಬರುತ್ತದೆ.