ಖಾಯಂ ವಾಸಕ್ಕೊಂದು ಅರ್ಜಿ, ಲಗತ್ತುಗಳ ಸಹಿತ

ಸರ್ಕಾರಿ ಕೌಂಟರಿನ ಮುಂದೆ ನಿಲ್ಲುವುದು ಒಂದು ವಿದ್ಯೆ. ಅದನ್ನು ಶಾಲೆಯಲ್ಲಿ ಯಾರೂ ಕಲಿಸುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆಂದು ಮೊದಲ ಸಲ ನಾಡಕಚೇರಿಯ ಮೆಟ್ಟಿಲು ಹತ್ತಿದ ದಿನ ತಾನಾಗಿಯೇ ಮೈಗೂಡುತ್ತದೆ. ಕುತ್ತಿಗೆ ತುಸು ಬಾಗಿರಬೇಕು, ಮುಖದಲ್ಲಿ ಅವಸರ ಕಾಣಬಾರದು, ಕಂಕುಳಲ್ಲಿರುವ ಫೈಲು ಮಾತ್ರ ದಪ್ಪಗಿರಬೇಕು. ಅವರು ಒಂದು ಕಾಗದ ಕೇಳಿದರೆ ನಮ್ಮ ಬಳಿ ನಾಲ್ಕು ಇರಬೇಕು. ಇಂದು ರೇಷನ್ ಕಾರ್ಡು ಕೇಳಿದವರು ನಾಳೆ ಪಹಣಿ ಕೇಳುವುದಿಲ್ಲ ಎಂದು ಹೇಳಲು ಬರುತ್ತದೆಯೇ?

ಈ ವಿದ್ಯೆಯಲ್ಲಿ ನನ್ನ ಗುರುಗಳು ಮಾವನವರು. ಮಲೆನಾಡಿನ ತಾಲ್ಲೂಕು ಕಚೇರಿಯೊಂದರಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜರ್ಮನಿಯ ಬವೇರಿಯಾದಲ್ಲಿರುವ ನಾವು ಖಾಯಂ ವಾಸದ ಪರವಾನಗಿಗೆ ಅರ್ಜಿ ಹಾಕುತ್ತೇವೆ ಎಂದು ತಿಳಿದ ದಿನ ಅವರ ಮುಖಕ್ಕೆ ಬಂದ ಕಳೆಯನ್ನು ನಿವೃತ್ತಿಯಾದಾಗಿನಿಂದ ಕಂಡಿರಲಿಲ್ಲ ಎಂದು ಅತ್ತೆ ಹೇಳಿದರು. ಸಂಜೆಯಾದರೆ ವಾಟ್ಸ್‌ಆ್ಯಪ್‌ನಲ್ಲಿ ನಿರ್ದೇಶನಗಳು ಶುರು. "ನೋಡಮ್ಮ, ಪ್ರತಿಯೊಂದಕ್ಕೂ ಮೂರು ಜೆರಾಕ್ಸ್ ತೆಗೆಸು. ಮೂಲ ಪ್ರತಿಯನ್ನು ಕೈಬಿಡಬೇಡ. ಎಲ್ಲ ನಕಲಿಗೂ ಸಹಿ ಹಾಕಿ ದಿನಾಂಕ ಬರೆ. ಒಂದೊಂದು ಕಂತೆಯನ್ನೂ ಬಿಗಿಯಾಗಿ ಪಿನ್ ಮಾಡು. ಹಿಂಬರಹ ಕೊಡಲು ಅವರಿಗೆ ಅವಕಾಶವೇ ಇರಬಾರದು." ಅವರ ಮಗ, ಅಂದರೆ ನನ್ನ ಪತಿ, ಬಾಲ್ಯವಿಡೀ ಇಂಥ ಮಾತುಗಳ ನಡುವೆಯೇ ಬೆಳೆದವರಾದ್ದರಿಂದ ಕಾಗದ ಕಂಡರೆ ಬೇರೆ ಕೋಣೆಗೆ ನಡೆದುಬಿಡುತ್ತಾರೆ. ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಇದ್ದದ್ದು ನನ್ನ ಹೆಸರಿನಲ್ಲಿ. ಹೀಗಾಗಿ ಅರ್ಜಿದಾರಳೂ ನಾನೇ, ಮಾವನವರ ಶಿಷ್ಯೆಯೂ ನಾನೇ.

ಇಲ್ಲಿನ ನಿಯಮಗಳು ಮಾವನವರಿಗೆ ಬಹಳ ಹಿಡಿಸಿದವು. ಸಾಮಾನ್ಯ ದಾರಿಯಲ್ಲಿ ಹೋದರೆ ಐದು ವರ್ಷದ ವಾಸ, 60 ತಿಂಗಳ ಪಿಂಚಣಿ ವಂತಿಗೆ. ಬ್ಲೂ ಕಾರ್ಡ್ ಇದ್ದವರಿಗೆ ರಿಯಾಯಿತಿ ಇದೆ: ಜರ್ಮನ್ ಅಷ್ಟಿಷ್ಟು ಬಂದರೆ 27 ತಿಂಗಳು ಸಾಕು, ಬಿ1 ಎಂಬ ನಡುಮಟ್ಟದ ಭಾಷಾ ಪರೀಕ್ಷೆ ಪಾಸಾಗಿದ್ದರೆ 21. ಮನೆಯ ವಿಸ್ತೀರ್ಣಕ್ಕೂ ಲೆಕ್ಕವಿದೆ. ಆರು ವರ್ಷ ದಾಟಿದವರಿಗೆ ತಲೆಗೆ 12 ಚದರ ಮೀಟರ್, ಅದಕ್ಕಿಂತ ಚಿಕ್ಕವರಿಗೆ 10, ಎರಡು ವರ್ಷದೊಳಗಿನ ಕೂಸು ಲೆಕ್ಕಕ್ಕೇ ಇಲ್ಲ. ಇದನ್ನು ಕೇಳಿದ ಅತ್ತೆ, ತಮ್ಮ ಮದುವೆಯ ದಿನ ಊರಿನ ಜಗಲಿಯಲ್ಲಿ ಎಷ್ಟು ಜನ ಮಲಗಿದ್ದರೆಂದು ನೆನಪು ಮಾಡಿಕೊಳ್ಳತೊಡಗಿದರು. "ಆ ಲೆಕ್ಕದಲ್ಲಿ ನಮಗೆ ಯಾರಿಗೂ ಪರವಾನಗಿ ಸಿಗುತ್ತಿರಲಿಲ್ಲ ಬಿಡು" ಎಂದರು.

ಇದಲ್ಲದೆ ಒಂದು ಪರೀಕ್ಷೆ. ಈ ದೇಶದ ಕಾನೂನು, ಚರಿತ್ರೆ, ನಡವಳಿಕೆಯ ಬಗ್ಗೆ 33 ಪ್ರಶ್ನೆಗಳು, ಒಂದು ಗಂಟೆ ಸಮಯ. 15 ಸರಿಯಾದರೆ ನಮ್ಮ ಕೆಲಸಕ್ಕೆ ಸಾಕು. ಪೌರತ್ವ ಬೇಕೆನ್ನುವವರು 17 ಗಳಿಸಬೇಕು. ಪ್ರಶ್ನೆಗಳೇನೂ ಗುಟ್ಟಲ್ಲ. ದೇಶಕ್ಕೆಲ್ಲ ಸಾಮಾನ್ಯವಾದ 300, ಆಯಾ ರಾಜ್ಯದ 10, ಒಟ್ಟು 310 ಪ್ರಶ್ನೆಗಳನ್ನು ಮೊದಲೇ ಪ್ರಕಟಿಸಿಟ್ಟಿದ್ದಾರೆ. ಪ್ರಶ್ನೆಪತ್ರಿಕೆಯನ್ನು ಸರ್ಕಾರವೇ ಬಯಲು ಮಾಡುವ ದೇಶ! ಈಸ್ಟರ್ ಹಬ್ಬಕ್ಕೆ ಮೊಟ್ಟೆಗೆ ಬಣ್ಣ ಹಚ್ಚುತ್ತಾರೆ, ಬವೇರಿಯಾದ ಬಾವುಟ ಬಿಳಿ ಮತ್ತು ನೀಲಿ ಎಂದೆಲ್ಲ ಉರು ಹೊಡೆದೆ. ಆದರೆ ಒಂದು ಪ್ರಶ್ನೆಯ ಮುಂದೆ ಪೆನ್ನು ನಿಂತುಹೋಯಿತು. ಸರ್ಕಾರಿ ಕಚೇರಿಯಲ್ಲಿ ಅಧಿಕಾರಿ ನಿಮ್ಮನ್ನು ಕೆಟ್ಟದಾಗಿ ನಡೆಸಿಕೊಂಡರೆ ಏನು ಮಾಡುತ್ತೀರಿ? ಆಯ್ಕೆಗಳು ನಾಲ್ಕು: ಏನೂ ಮಾಡಲಾಗುವುದಿಲ್ಲ, ಸಹಿಸಿಕೊಳ್ಳಬೇಕು, ಆ ವ್ಯಕ್ತಿಗೆ ಬೆದರಿಕೆ ಹಾಕುತ್ತೇನೆ, ಕಚೇರಿಯ ಮುಖ್ಯಸ್ಥರಿಗೆ ದೂರು ಕೊಡಬಹುದು. ಅನುಭವದ ಮಾತು ಕೇಳಿದರೆ ಮೊದಲ ಎರಡೂ ಸರಿ. ಫೋನಿನಲ್ಲಿ ಓದಿ ಹೇಳಿದೆ. ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇಂಥದ್ದನ್ನೆಲ್ಲ ಜನರಿಗೆ ಹೇಳಿಕೊಡುತ್ತಾರೆಯೇ?" ಎಂದರು. ಅವರ ದನಿಯಲ್ಲಿ ಅಷ್ಟು ನೋವನ್ನು ನಾನು ಕೇಳಿರಲಿಲ್ಲ.

ಗೊತ್ತುಪಡಿಸಿದ ದಿನ ಗಂಡ, ಮಗಳು, ನಾನು ವಲಸೆ ಕಚೇರಿಗೆ ಹೋದೆವು. ಅಲ್ಲಿ ಜನರನ್ನು ಕೋಣೆಗಳಿಗೆ ಹಂಚುವುದು ಮನೆತನದ ಹೆಸರಿನ ಮೊದಲ ಅಕ್ಷರದ ಮೇಲೆ. ನಮ್ಮ ಮನೆತನವೋ! ನನ್ನ ಪಾಸ್‌ಪೋರ್ಟಿನಲ್ಲಿ ಆ ಜಾಗದಲ್ಲಿರುವುದು ಅಪ್ಪನ ಹೆಸರು. ಗಂಡನದರಲ್ಲಿ ಇನಿಷಿಯಲ್ ಬಿಡಿಸಿ ಬರೆದ ಊರಿನ ಹೆಸರು. ಮಗಳದರಲ್ಲಿ ನನ್ನ ಗಂಡನ ಹೆಸರು. ಒಂದೇ ಮನೆಯಲ್ಲಿ ಉಣ್ಣುವ ಮೂವರು ಮೂರು ಕಾರಿಡಾರುಗಳಿಗೆ ಸೇರಿದವರಾದೆವು. ಆರು ತುಂಬದ ಮಗಳು ಅಪ್ಪ ಅಮ್ಮ ಇಬ್ಬರನ್ನೂ ಬಿಟ್ಟು ಒಬ್ಬಳೇ ಮೂರನೆಯ ಅಧಿಕಾರಿಯ ಎದುರು ಹಾಜರಾಗಬೇಕಿತ್ತು. ವಿಚಾರಣೆ ಮೇಜಿನಲ್ಲಿದ್ದವರು ನಮ್ಮ ಮೂರು ಪಾಸ್‌ಪೋರ್ಟುಗಳನ್ನು ಸಾಲಾಗಿ ಇಟ್ಟುಕೊಂಡು, ನಮ್ಮ ಮುಖಗಳನ್ನು ನೋಡಿ, "ನೀವು ಒಂದೇ ಕುಟುಂಬವೇ?" ಎಂದು ಕೇಳಿದರು. ಮಗಳು ಜರ್ಮನ್ನಿನಲ್ಲಿ "ಹೌದು" ಎಂದಳು. ಆ ಸಾಕ್ಷಿಯ ಮೇಲೆ ಮೂವರಿಗೂ ನನ್ನ ಅಕ್ಷರದ ಕೋಣೆ ಸಿಕ್ಕಿತು.

ಒಳಗಿದ್ದ ಅಧಿಕಾರಿಣಿ ನಡುವಯಸ್ಸಿನವರು. ಕಿಟಕಿಯಲ್ಲಿ ಕಳ್ಳಿ ಗಿಡಗಳ ಕುಂಡ, ಮೇಜಿನ ಮೇಲೆ ಧೂಳಿಲ್ಲ. ಮಾತಾಡಿದ್ದು ಅಪ್ಪಟ ಬವೇರಿಯಾದ ಜರ್ಮನ್. ಪಠ್ಯಪುಸ್ತಕದ ಕನ್ನಡ ಕಲಿತವನನ್ನು ನೇರ ಕುಂದಾಪುರದ ಮೀನು ಮಾರುಕಟ್ಟೆಯಲ್ಲಿ ಇಳಿಸಿದರೆ ಹೇಗೋ, ನನ್ನ ಬಿ1 ಪ್ರಮಾಣಪತ್ರದ ಗತಿ ಹಾಗಾಯಿತು. ಅವರು ಕೈ ಚಾಚಿದ್ದು ನೋಡಿ ಫೈಲು ಕೊಡಬೇಕೆಂದು ಅರ್ಥ ಮಾಡಿಕೊಂಡೆ. ಇಡೀ ಫೈಲನ್ನು ಮೇಜಿನ ಮೇಲೆ ಇಟ್ಟೆ. ಮೇಜು ಸದ್ದು ಮಾಡಿತು.

ಅವರು ಮೊದಲು ಮಾಡಿದ ಕೆಲಸ ಪಿನ್ ಕೀಳುವುದು. ಹಾವಿನ ಹಲ್ಲಿನಂಥ ಸಣ್ಣ ಉಪಕರಣವೊಂದನ್ನು ಡ್ರಾಯರಿನಿಂದ ತೆಗೆದು, ನಾನು ಹಿಂದಿನ ರಾತ್ರಿ ಬಿಗಿಯಾಗಿ ಹೊಡೆದಿದ್ದ ಒಂದೊಂದೇ ಪಿನ್ನನ್ನು ಎಬ್ಬಿಸಿ, ಪಿಂಗಾಣಿಯ ಪುಟ್ಟ ಬಟ್ಟಲಿಗೆ ಹಾಕತೊಡಗಿದರು. ಟಿಣ್, ಟಿಣ್. ಮಾತಿಲ್ಲ. ಬಟ್ಟಲಿನ ತಳ ಮುಚ್ಚಿತು. ಮಗಳಿಗೆ ಆ ಸದ್ದು ಇಷ್ಟವಾಗಿ ಅವಳೂ "ಟಿಣ್" ಎನ್ನಲು ಶುರುಮಾಡಿದಳು. ಬಳಿಕ ತೂತು ಹಾಕುವ ಯಂತ್ರ ಬಂತು. ನಮ್ಮಲ್ಲಾದರೆ ಮೂಲೆಯಲ್ಲೊಂದು ತೂತು, ತುದಿಗೆ ತಗಡು ಸುತ್ತಿದ ಟ್ಯಾಗ್ ದಾರ, ಕಟ್ಟಿದರೆ ಮುಗಿಯಿತು. ಇಲ್ಲಿ ಎಡ ಅಂಚಿನಲ್ಲಿ ಎರಡು ತೂತು, ಅವುಗಳ ನಡುವೆ ದೇಶಕ್ಕೆಲ್ಲ ಒಂದೇ ಅಂತರ, 80 ಮಿಲಿಮೀಟರ್. ಬಾಡಿಗೆ ಕರಾರು, ವಿಮೆಯ ಪತ್ರ, ಪಿಂಚಣಿ ವಂತಿಗೆಯ ವಿವರ ಎಲ್ಲವೂ ತೂತಾಗಿ ರಿಂಗ್ ಫೈಲಿನೊಳಗೆ ಕುಳಿತವು.

ಸಂಬಳದ ಚೀಟಿ ಬಂದಾಗ ಕೈ ತಡೆಯಿತು. ಕೆಳಗೆ ನನ್ನ ಸಹಿ, ದಿನಾಂಕ, "ನಿಜ ಪ್ರತಿ" ಎಂಬ ಬರಹ.

"ಇದನ್ನು ಕೊಟ್ಟದ್ದು ನಿಮ್ಮ ಕಂಪನಿ. ನೀವೇಕೆ ಸಹಿ ಹಾಕಿದ್ದೀರಿ?"

ನಮ್ಮ ದೇಶದಲ್ಲಿ ಹಿಂದೆಲ್ಲ ಗೆಜೆಟೆಡ್ ಅಧಿಕಾರಿಯನ್ನು ಹುಡುಕಿಕೊಂಡು ಹೋಗಿ ಹಸಿರು ಶಾಯಿಯಲ್ಲಿ ಸಹಿ ಹಾಕಿಸಬೇಕಿತ್ತು, ಈಗ ನಾವೇ ಹಾಕಿದರೂ ನಡೆಯುತ್ತದೆ, ನಕಲು ಅಸಲಿಯೆಂದು ಹೇಳುವ ಪದ್ಧತಿ ಇದು ಎಂದು ನನಗೆ ಬಂದ ಜರ್ಮನ್ನಿನಲ್ಲಿ ವಿವರಿಸಿದೆ.

"ಆದರೆ ಅರ್ಜಿ ಹಾಕಿದವರೇ ನೀವಲ್ಲವೇ?" ಎಂದರು ಆಕೆ. ಉತ್ತರ ಬರಲಿಲ್ಲ. ಮೂಲ ಪ್ರತಿಗಳನ್ನು ತೋರಿಸಿದ ಮೇಲೆ ಸಮಾಧಾನವಾಯಿತು.

ಆಮೇಲೆ ಶುರುವಾಯಿತು ವಾಪಸಾತಿ. ಕೇಳದ ಕಾಗದಗಳನ್ನೆಲ್ಲ ಎರಡು ಬೆರಳಿನಿಂದ ಎತ್ತಿ ನನ್ನ ಕಡೆಗೆ ಸರಿಸಿದರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಆಧಾರ್ ನಕಲು. ಮಗಳ ಲಸಿಕೆ ಪುಸ್ತಕ. ವಿದ್ಯುತ್ ಬಿಲ್ಲು. ಮಾವನವರು ಒತ್ತಾಯಿಸಿ ಕಳಿಸಿದ್ದ ವಂಶವೃಕ್ಷ, ಅದೂ ಗ್ರಾಮ ಲೆಕ್ಕಾಧಿಕಾರಿಯ ಮೊಹರಿನೊಂದಿಗೆ. ಅದನ್ನು ಮಾತ್ರ ತಿರುಗಿಸಿ ಮುರುಗಿಸಿ ನೋಡಿದರು. "ಸುಂದರವಾದ ಮೊಹರು" ಎಂದು ಹೇಳಿ ಅದನ್ನೂ ಸರಿಸಿದರು. ನಮ್ಮೂರಿನಲ್ಲಿ ಕಡಿಮೆಯಾದ ಕಾಗದಕ್ಕೆ ಬೈಸಿಕೊಂಡು ಅಭ್ಯಾಸವಿತ್ತು. ಹೆಚ್ಚಾದ ಕಾಗದಕ್ಕೂ ಮುಖ ಕೆಳಗೆ ಹಾಕಬೇಕಾಗುತ್ತದೆ ಎಂದು ಎಣಿಸಿರಲಿಲ್ಲ.

ಇಷ್ಟಾದ ಮೇಲೆ ಆಕೆ ತಲೆಯೆತ್ತಿ, "ಕಳೆದ ತಿಂಗಳ ಸಂಬಳದ ಚೀಟಿ ಎಲ್ಲಿ?" ಎಂದರು. ಅದು ಕಂಪನಿಯ ಪೋರ್ಟಲಿಗೆ ಬಂದದ್ದೇ ಅಂದು ಬೆಳಿಗ್ಗೆ. ಮೊಬೈಲಿನಲ್ಲಿ ತೋರಿಸಿದೆ. ಮೊಬೈಲಿಗೆ ತೂತು ಹಾಕುವಂತಿಲ್ಲ. ಗಂಡ ಹೊರಗೆ ಓಡಿ, ಬೀದಿಯಾಚೆಯ ಅಂಗಡಿಯಲ್ಲಿ ಮುದ್ರಿಸಿಕೊಂಡು, ಏದುಸಿರು ಬಿಡುತ್ತಾ ಬಂದರು. ಅಷ್ಟರಲ್ಲಿ ನನ್ನ ಬೆರಳಚ್ಚು ತೆಗೆದುಕೊಂಡಾಗಿತ್ತು, ಯಂತ್ರಕ್ಕೆ ಕಾರ್ಡ್ ತೋರಿಸಿ 113 ಯೂರೊ ಕಟ್ಟಿಯೂ ಆಗಿತ್ತು, ನಮ್ಮ ಸರದಿಯೂ ಮುಗಿದಿತ್ತು. ಆ ಹಾಳೆಯನ್ನು ಬಾಗಿಲಲ್ಲೇ ಚಾಚಿದೆ. ಆಕೆ ಕೈ ಮುಂದೆ ಮಾಡಲಿಲ್ಲ. ಕೆಳಗಿನ ಪ್ರವೇಶದ್ವಾರದ ಬಳಿ ಅಂಚೆ ಡಬ್ಬಿಯಿದೆ, ಅದರಲ್ಲಿ ಹಾಕಿ, ನನಗೆ ಬಂದು ತಲುಪುತ್ತದೆ ಎಂದರು. ನಮ್ಮಿಬ್ಬರ ನಡುವೆ ಇದ್ದದ್ದು ಮೂರಡಿ. ಕಾಗದ ಎರಡು ಅಂತಸ್ತು ಇಳಿದು, ಡಬ್ಬಿಯಲ್ಲಿ ಮಲಗಿ, ಮೊಹರು ಹೊಡೆಸಿಕೊಂಡು, ಮತ್ತೆ ಎರಡು ಅಂತಸ್ತು ಹತ್ತಿ ಬರಬೇಕು.

ಸಂಜೆ ಈ ಅನ್ಯಾಯವನ್ನು ಮಾವನವರ ಮುಂದೆ ತೋಡಿಕೊಂಡೆ. ಅವರು ನನ್ನ ಪರ ನಿಲ್ಲುತ್ತಾರೆಂದು ನಂಬಿದ್ದೆ.

"ಸರಿಯಾಗಿಯೇ ಮಾಡಿದ್ದಾರೆ" ಎಂದರು ಮಾವ. "ಟಪಾಲು ವಿಭಾಗದಲ್ಲಿ ನಂಬರು ಬೀಳದೆ ಒಂದು ಹಾಳೆಯನ್ನೂ ಕಡತಕ್ಕೆ ಸೇರಿಸಬಾರದು. ಕೈಯಿಂದ ಕೈಗೆ ತೆಗೆದುಕೊಂಡರೆ ನಾಳೆ ಲೆಕ್ಕ ಕೇಳುವವರು ಯಾರು? ನಮ್ಮ ಕಚೇರಿಯಲ್ಲಿ ಇದನ್ನು ಹೇಳಿ ಹೇಳಿ ನನ್ನ ಗಂಟಲು ಹರಿದಿತ್ತು." ಪಿನ್ ಕಿತ್ತ ಕಥೆಗೂ ಅವರು ಆಕೆಯ ಪರವೇ. ತುಕ್ಕು ಹಿಡಿದು ಕಾಗದ ಹಾಳಾಗುತ್ತದೆಯಂತೆ. ಬಿಗಿಯಾಗಿ ಪಿನ್ ಮಾಡು ಎಂದದ್ದು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲ, ನಾನೂ ನೆನಪಿಸಲಿಲ್ಲ. ಅಂದಿನಿಂದ ನಮ್ಮ ಕ್ಷೇಮ ಸಮಾಚಾರಕ್ಕಿಂತ ಮೊದಲು "ನಿಮ್ಮ ಆ ಅಮ್ಮನವರಿಂದ ಏನಾದರೂ ಪತ್ರ ಬಂತೇ?" ಎಂದು ಆಕೆಯ ಸಮಾಚಾರ ಕೇಳತೊಡಗಿದರು. ಎರಡು ಖಂಡಗಳಾಚೆ ಒಬ್ಬರ ಮುಖ ಒಬ್ಬರು ಕಾಣದ ಇಬ್ಬರು ಗುಮಾಸ್ತರು ಒಂದಾಗಿಬಿಟ್ಟರೆ ಅರ್ಜಿದಾರಳ ಪಾಡು ಯಾರಿಗೆ ಬೇಕು?

ಅತ್ತೆಗೆ ಮಾತ್ರ ಬೇರೆ ಚಿಂತೆ. "ಪಾಪ, ಅಷ್ಟೊಂದು ಕೆಲಸ ಮಾಡಿದ್ದಾಳೆ. ಒಂದು ಬಾಟಲಿ ಅಪ್ಪೆಮಿಡಿ ಉಪ್ಪಿನಕಾಯಿ ಕೊಟ್ಟು ಬಾ" ಎಂದರು.

"ಕಡತ ಇತ್ಯರ್ಥವಾಗುವ ಮೊದಲು ಏನನ್ನೂ ಕೊಡುವ ಹಾಗಿಲ್ಲ" ಎಂದು ಮಾವ ಹಿಂದಿನಿಂದ ಗುಡುಗಿದರು.

ಕೆಲವು ವಾರಗಳ ಮೇಲೆ ಕಾರ್ಡ್ ಬಂತು. ಎರಡೂ ಬದಿಯ ಫೋಟೊ ತೆಗೆದು ಊರಿಗೆ ಕಳಿಸಿದೆ. ಮಾವನವರು ಅದನ್ನು ದೊಡ್ಡದು ಮಾಡಿಕೊಂಡು ಮೂಲೆಮೂಲೆ ಓದಿ, ಫೋನು ಮಾಡಿದರು. "ಖಾಯಂ ಎಂದ ಮೇಲೆ ಇಲ್ಲಿ ಮುಕ್ತಾಯದ ದಿನಾಂಕ ಏಕಿದೆ?" ಹಕ್ಕಿಗೆ ಅವಧಿಯಿಲ್ಲ, ಕಾರ್ಡಿಗೆ ಇದೆ, ಹೆಚ್ಚೆಂದರೆ ಹತ್ತು ವರ್ಷ, ಪಾಸ್‌ಪೋರ್ಟ್ ಅದಕ್ಕೂ ಮೊದಲು ಮುಗಿಯುವುದಾದರೆ ಅಲ್ಲಿಯವರೆಗೆ, ಆಮೇಲೆ ಅದೇ ಕಚೇರಿಗೆ ಹೋಗಿ ಹೊಸದು ಮಾಡಿಸಬೇಕು ಎಂದು ವಿವರಿಸಿದೆ. ಒಂದೇ ಸಮನೆ 12 ತಿಂಗಳಿಗಿಂತ ಹೆಚ್ಚು ಊರಲ್ಲಿ ಬಂದು ಕುಳಿತರೆ ಹಕ್ಕೂ ಹೋಗುತ್ತದೆ ಎಂದೂ ಹೇಳಿದೆ. ಮಾವ "ಸರಿ, ಸರಿ" ಎಂದು ತಲೆದೂಗಿದರು. ಅಚ್ಚುಕಟ್ಟಾದ ನಿಯಮ ಕಂಡಾಗ ಅವರಿಗಾಗುವ ಸಂತೋಷ ಅದು.

ಪಕ್ಕದಿಂದ ಅತ್ತೆಯ ದನಿ ಬಂತು. "ಈಗ ಎಲ್ಲ ಮುಗಿಯಿತಲ್ಲ, ಉಪ್ಪಿನಕಾಯಿ ಕೊಡಬಹುದೇ?"

"ಎಲ್ಲಿ ಮುಗಿಯಿತು?" ಎಂದರು ಮಾವ. "ದಿನಾಂಕ ನೋಡಲಿಲ್ಲವೇ? ಕಡತ ಇನ್ನೂ ಚಾಲ್ತಿಯಲ್ಲಿದೆ."