ಸಾಲ ತೀರಿಸುವವರೂ ಬದುಕಬೇಕಲ್ವಾ?

ಇಂಗ್ಲೆಂಡಿನಲ್ಲಿ ಸಾಲದಲ್ಲಿ ಮುಳುಗಿದವರು ಸಲಹೆ ಕೇಳಲು ಹೋದರೆ, ಮೊದಲು ಕೈಗೆ ಕೊಡುವುದು ಮನೆ ಖರ್ಚಿನ ಒಂದು ಪಟ್ಟಿ. ಬಾಡಿಗೆ, ಕರೆಂಟು, ದಿನಸಿ ಅಷ್ಟೇ ಅಲ್ಲ. ಕ್ಷೌರಕ್ಕೆ ಎಷ್ಟು, ಮಕ್ಕಳ ಶಾಲೆಯ ಶೂಗೆ ಎಷ್ಟು, ಹಬ್ಬಕ್ಕೆ ಎಷ್ಟು ಅಂತಲೂ ಅದರಲ್ಲಿ ಜಾಗ ಬಿಟ್ಟಿರುತ್ತಾರೆ. ಅಷ್ಟನ್ನೂ ಕಳೆದು ಮಿಕ್ಕಿದ್ದು ಸಾಲ ಕೊಟ್ಟವರಿಗೆ. ಸೋಮವಾರಪೇಟೆ ಕಡೆಯ ಕಾಫಿ ತೋಟದ ಮನೆಯಲ್ಲಿ ಬೆಳೆದು ಈಗ ಇಲ್ಲಿ ನೆಲೆಸಿರುವ ನನಗೆ, ಇಂಥದ್ದೊಂದು ಪಟ್ಟಿ ನಮ್ಮೂರಿಗೆ ತುರ್ತಾಗಿ ಬೇಕು ಅನಿಸುತ್ತದೆ.

ಇಂಥ ಪಟ್ಟಿಯ ಮೇಲೆ ನಿಲ್ಲುವ ಇಲ್ಲಿನ ಒಂದು ಏರ್ಪಾಟಿನ ಹೆಸರು ಇಂಡಿವಿಜುವಲ್ ವಾಲಂಟರಿ ಅರೇಂಜ್‌ಮೆಂಟ್, ಅಂದರೆ ಸಾಲಗಾರ ತಾನಾಗಿ ಮುಂದಾಗಿ ಸಾಲ ಕೊಟ್ಟವರೊಡನೆ ಮಾಡಿಕೊಳ್ಳುವ ಒಪ್ಪಂದ. ಎಲ್ಲರ ಬಾಯಲ್ಲೂ ಐವಿಎ. 1986ರ ದಿವಾಳಿ ಕಾಯ್ದೆಯಿಂದ ಬಂದದ್ದು. ಲೈಸೆನ್ಸ್ ಇರುವ ತಜ್ಞರೊಬ್ಬರು ನಮ್ಮ ಪರವಾಗಿ ಸಾಲ ಕೊಟ್ಟವರ ಮುಂದೆ ಪ್ರಸ್ತಾವ ಇಡುತ್ತಾರೆ. ಮತ ಹಾಕಿದವರ ಸಾಲದ ಮೊತ್ತದಲ್ಲಿ ಶೇ. 75 ಭಾಗ ಒಪ್ಪಿದರೆ ಸಾಕು, ಒಪ್ಪದವರೂ ಸುಮ್ನೆ ಇರಬೇಕು. ಸಾಮಾನ್ಯವಾಗಿ 5 ವರ್ಷ, ತಿಂಗಳಿಗೊಂದು ಕಂತು. ಆಮೇಲೂ ಉಳಿದದ್ದು ಮನ್ನಾ.

ನನಗೆ ಗೊತ್ತಿರುವ ಒಂದು ಕನ್ನಡ ಕುಟುಂಬ ಈಗ ಇದರಲ್ಲಿದೆ. ಯಜಮಾನರ ಕೆಲಸ ಹೋದಾಗ ಕ್ರೆಡಿಟ್ ಕಾರ್ಡಿನಲ್ಲಿ ಮನೆ ನಡೆಸಿದರು, ಸಾಲ ಬೆಳೆಯಿತು. ಅವರ ಹೆಂಡತಿ ಪ್ರತಿ ಬಿಲ್ಲನ್ನೂ ಒಂದು ನೋಟ್‌ಬುಕ್ಕಿಗೆ ಅಂಟಿಸುತ್ತಾರೆ. ಸಂಜೆ ಅಂಗಡಿಯಲ್ಲಿ ಹಳದಿ ಚೀಟಿ ಹಚ್ಚಿ ಬೆಲೆ ಇಳಿಸಿದ ಬ್ರೆಡ್ಡು, ತರಕಾರಿ ಹುಡುಕಿ ತರುತ್ತಾರೆ. 500 ಪೌಂಡಿಗಿಂತ ಜಾಸ್ತಿ ಸಾಲ ಬೇಕಾದರೆ ಮೇಲ್ವಿಚಾರಕರ, ಅಂದರೆ ಒಪ್ಪಂದ ನೋಡಿಕೊಳ್ಳುವ ಆ ತಜ್ಞರ, ಒಪ್ಪಿಗೆ ಬೇಕು. ಸರ್ಕಾರದ ದಿವಾಳಿ ಪಟ್ಟಿಯಲ್ಲಿ ಹೆಸರಿದೆ, ಯಾರು ಬೇಕಾದರೂ ನೋಡಬಹುದು. ಹೋದ ಕ್ರಿಸ್‌ಮಸ್ ಹೊತ್ತಿನಲ್ಲಿ ಯಜಮಾನರಿಗೆ ಗೋದಾಮಿನಲ್ಲಿ ಓವರ್‌ಟೈಮ್ ಸಿಕ್ಕಿತು. ಮಾಮೂಲಿ ಸಂಬಳಕ್ಕಿಂತ ಶೇ. 10ಕ್ಕೂ ಮೇಲೆ ಬಂದದ್ದರಲ್ಲಿ ಅರ್ಧ ಸಾಲಕ್ಕೆ ಹೋಗಬೇಕು ಅಂತ ಕರಾರು. ತಾವಾಗಿಯೇ ಫೋನ್ ಮಾಡಿ ತಿಳಿಸಿದರು. ಯಾಕೆ ಹೇಳೋಕೆ ಹೋದ್ರಿ ಅಂತ ಯಾರೋ ಕೇಳಿದರು. "ಬರೆದು ಕೊಟ್ಟಿದ್ದೀವಲ್ಲ ಅಣ್ಣ, ಅವರು ನಮ್ಮ ಮಕ್ಕಳ ಊಟಕ್ಕೆ ಬಿಟ್ಟಿದ್ದಾರೆ, ನಾವು ಅವರ ದುಡ್ಡು ಮುಚ್ಚಿಡೋದಾ?" ಅಂದರು ಆ ತಾಯಿ.

ಆ ಮಾತಿನಲ್ಲೇ ಇಡೀ ಏರ್ಪಾಟು ನಿಂತಿದೆ ಅಂತ ನನ್ನ ನಂಬಿಕೆ. ಬದುಕಲು ಬಿಟ್ಟರೆ ಮನುಷ್ಯ ನಿಜ ಹೇಳುತ್ತಾನೆ.

ಈಗ ನಮ್ಮ ಕಡೆಗೆ ಬನ್ನಿ. ಹಿಡಿತದಲ್ಲಿ ಬದುಕುವುದನ್ನು ಕೊಡಗಿನ ಸಣ್ಣ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮ ಚಿಕ್ಕಪ್ಪನಿಗೆ ಮೂರು ಎಕರೆ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು. ಮಳೆಗಾಲವಿಡೀ ಕಣಿಲೆ, ಕೆಸ, ಅಣಬೆಯಲ್ಲೇ ಸಾರು ಪಲ್ಯ ಆಗುತ್ತದೆ. 2018ರ ಆಗಸ್ಟಿನ ಮಳೆಗೆ ತೋಟದ ಒಂದು ಪಕ್ಕ ಜರಿದು ಹೋಯಿತು. ಆ ಪಕ್ಕಕ್ಕೆಂದು ಮಾಡಿದ ಸಾಲ ಮಾತ್ರ ಜರಿಯಲಿಲ್ಲ.

ಮಾರ್ಚ್ ಬಂತೆಂದರೆ ಚಿಕ್ಕಪ್ಪನ ಮುಖ ನೋಡಬೇಕು. ಸಹಕಾರ ಸಂಘದ ಬೆಳೆ ಸಾಲವನ್ನು ಸಕಾಲಕ್ಕೆ ಕಟ್ಟಿದರೆ ಬಡ್ಡಿ ಇಲ್ಲ. 2023ರಲ್ಲಿ ಬಡ್ಡಿ ಇಲ್ಲದ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು, ಒಳ್ಳೆಯದೇ ಆಯಿತು. ಆದರೆ ಕೈಯಲ್ಲಿ ದುಡ್ಡಿಲ್ಲದ ವರ್ಷ ಅವರು ಪೇಟೆಯಲ್ಲಿ ನಾಲ್ಕು ದಿನಕ್ಕೆಂದು ಕೈಸಾಲ ತರುತ್ತಾರೆ. ಸಂಘಕ್ಕೆ ಕಟ್ಟುತ್ತಾರೆ. ಹೊಸ ಸಾಲ ಮಂಜೂರಾದ ಕೂಡಲೇ ಆ ಕೈಸಾಲ ತೀರಿಸುತ್ತಾರೆ, ಅದರ ಬಡ್ಡಿಗೆ ಚಿಕ್ಕಮ್ಮನ ಬಳೆ ಅಡವು. ಸಂಘದ ಪುಸ್ತಕದಲ್ಲಿ ಸಾಲ ತೀರಿದೆ, ಮನೆಯಲ್ಲಿ ತೀರಿಲ್ಲ. ಇದನ್ನು ಎಷ್ಟು ಮನೆಗಳಲ್ಲಿ ಮಾಡುತ್ತಾರೆ ಅಂತ ಊರಿನವರಿಗೆಲ್ಲ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ, ಮಗಳ ಮದುವೆ ಮಾತುಕತೆ ನಡೀತಿರುತ್ತದೆ ನೋಡಿ.

ಕೈಮೀರಿದ ಮೇಲೆ ಇರುವ ದಾರಿಗಳಾದರೂ ಯಾವುವು? ಬ್ಯಾಂಕಿನ ಒಂದಾವರ್ತಿ ಪರಿಹಾರ, ಅಂದರೆ ಓಟಿಎಸ್. ಬಡ್ಡಿ ಇಳಿಸುತ್ತಾರೆ ನಿಜ, ಆದರೆ ದೊಡ್ಡ ಗಂಟನ್ನು ಸ್ವಲ್ಪ ಕಾಲದೊಳಗೆ ತಂದಿಡಬೇಕು. ಅದಕ್ಕೆ ಮತ್ತೆ ಕೈಸಾಲ. ಇಲ್ಲವಾದರೆ, ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಮಾರಲು ಬ್ಯಾಂಕಿಗೆ ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ ಹರಾಜಿನ ನೋಟಿಸು. ಆ ಕಾಯ್ದೆಯಿಂದ ಕೃಷಿ ಭೂಮಿಗೆ ವಿನಾಯಿತಿ ಇದೆ, ಕಾಫಿ ತೋಟಕ್ಕೂ ಅದು ಸಿಗಬೇಕು ಎಂದು ಬೆಳೆಗಾರರು ಕೇಳುತ್ತಲೇ ಬಂದಿದ್ದಾರೆ. 2016ರ ದಿವಾಳಿ ಸಂಹಿತೆಯಲ್ಲಿ ಸಾಮಾನ್ಯ ಜನರಿಗೂ ಮರುಪಾವತಿ ಯೋಜನೆಯ ಭಾಗ ಇದೆ. ಆದರೆ ಅದು 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಕಂಪನಿಗೆ ಜಾಮೀನು ನಿಂತವರಿಗೊಂದು ಬಾಗಿಲು, ಮೂರು ಎಕರೆಯವರಿಗೆ ಗೋಡೆ. ಇದು ನ್ಯಾಯವೇ? ನನಗಂತೂ ಇದು ಸಹಿಸಲಾಗದ ಮಾತು.

ಸಾಲ ಮನ್ನಾ ಇದೆಯಲ್ಲ ಎನ್ನುವವರಿದ್ದಾರೆ. ಮನ್ನಾ ಯಾವಾಗ ಬರುತ್ತದೋ ಗೊತ್ತಿಲ್ಲದೆ ಕಾಯುವುದು ಬದುಕಲ್ಲ.

ಇಲ್ಲಿನ ಏರ್ಪಾಟನ್ನು ಹಾಗೇ ಎತ್ತಿ ತಂದರೆ ಕೊಡಗಿನಲ್ಲಿ ನಡೆಯದು. ಐವಿಎ ಅಡಮಾನದ ಸಾಲವನ್ನು ಮುಟ್ಟುವುದಿಲ್ಲ, ನಮ್ಮಲ್ಲಿ ದೊಡ್ಡ ಸಾಲವೆಲ್ಲ ತೋಟದ ಮೇಲೆಯೇ. ಜಾಮೀನು ನಿಂತವರನ್ನು ಅದು ಬಿಡಿಸುವುದಿಲ್ಲ, ನಮ್ಮಲ್ಲಿ ಜಾಮೀನು ನಿಲ್ಲುವುದು ಪಕ್ಕದ ತೋಟದವರೋ ಭಾವನೋ. ತಜ್ಞರ ಶುಲ್ಕವೂ ಕಂತಿನಿಂದಲೇ ಹೋಗುತ್ತದೆ. ಆ ಶುಲ್ಕದಾಸೆಗೆ ಬೇಡದವರನ್ನೂ ಇದಕ್ಕೆ ಎಳೆಯುವ ಕಂಪನಿಗಳ ಬಗ್ಗೆ ಇಲ್ಲಿ ದೂರು ಜಾಸ್ತಿ. ಹಾಗಾಗಿ ಸ್ಟೆಪ್‌ಚೇಂಜ್, ಸಿಟಿಜನ್ಸ್ ಅಡ್ವೈಸ್‌ನಂಥ ಉಚಿತ ಸಲಹೆ ಕೊಡುವ ಸಂಸ್ಥೆಗಳಿಗೇ ಮೊದಲು ಹೋಗಿ ಅಂತ ತಿಳಿದವರು ಹೇಳುತ್ತಾರೆ.

ನಮಗೆ ಬೇಕಾದದ್ದು ಬೇರೆ ಥರ. ತಿಂಗಳ ಕಂತು ಕಾಫಿಯವರಿಗೆ ಆಗುವುದಿಲ್ಲ, ದುಡ್ಡು ಬರುವುದು ಕುಯ್ಲು ಮುಗಿದು ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಿದ ಮೇಲೆ. ವರ್ಷಕ್ಕೊಂದು ಕಂತು, ಐದಾರು ಕುಯ್ಲು. ಮನೆ ಖರ್ಚು, ಗೊಬ್ಬರ, ಆಳುಗಳ ಕೂಲಿ ಮೊದಲು ತೆಗೆದಿಡಬೇಕು. ಬ್ಯಾಂಕು, ಸಂಘ, ಕೈಸಾಲ ಎಲ್ಲವೂ ಒಂದೇ ಕಾಗದದಲ್ಲಿ ಬರಬೇಕು. ಆ ಕಾಗದ ಇರುವ ತನಕ ಜಾಮೀನುದಾರರ ಮನೆ ಬಾಗಿಲಿಗೆ ಯಾರೂ ಹೋಗಬಾರದು. ಲೆಕ್ಕ ನೋಡಲು ಸಂಘಕ್ಕಿಂತ ಒಳ್ಳೆಯ ಜಾಗ ಇಲ್ಲ. ಯಾರ ತೋಟದಲ್ಲಿ ಎಷ್ಟು ಮೂಟೆ ಆಗುತ್ತದೆ, ಕಾಫಿ ಹೂ ಬಿಡಿಸುವ ಹೂಮಳೆ ಎಲ್ಲಿ ಕೈಕೊಟ್ಟಿತು ಅಂತ ಅವರಿಗೆ ಗೊತ್ತು.

ಬೆಳೆಗಾರರೂ ಬಿಟ್ಟುಕೊಡಬೇಕಾದದ್ದಿದೆ. 2024–25ರಲ್ಲಿ ಕಾಫಿಗೆ ಹಿಂದೆಂದೂ ಕಾಣದ ಬೆಲೆ ಬಂತು. ಕೆಲವರು ಹಳೇ ಸಾಲ ತೀರಿಸಿದರು, ಕೆಲವರ ಅಂಗಳಕ್ಕೆ ಹೊಸ ಗಾಡಿ ಬಂತು. ಅಂಥ ವರ್ಷ ಹೆಚ್ಚಿಗೆ ಬಂದದ್ದರಲ್ಲಿ ಅರ್ಧ ಸಾಲಕ್ಕೆ ಅಂತ ಮೊದಲೇ ಬರೆದುಕೊಟ್ಟಿರಬೇಕು, ಮಾರಿದ ಚೀಟಿಯನ್ನು ತೋರಿಸಬೇಕು. ಬೆಲೆ ಬಿದ್ದ ವರ್ಷ ಕಂತು ತಾನಾಗಿ ಇಳಿಯಬೇಕು. ಇದಕ್ಕೆ ಹೊಸ ಕಾಯ್ದೆ ಬರುವ ತನಕ ಕಾಯಬೇಕಿಲ್ಲ. ಓಟಿಎಸ್ ಒಪ್ಪಂದದಲ್ಲೇ ಒಂದೇ ಗಂಟಿನ ಬದಲು ಕುಯ್ಲಿನ ಕಂತು ಬರೆಯಲು ಬ್ಯಾಂಕುಗಳು ಮನಸ್ಸು ಮಾಡಿದರೆ, ಮುಂದಿನ ಮಾರ್ಚಿಗೇ ಶುರು ಮಾಡಬಹುದು.