ಮದುವೆಯನ್ನು ಮದುವೆಯಾಗುವವರಿಂದ ಕಾಪಾಡಿ

ಸರ್ಕಾರ ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು, ವಾಷಿಂಗ್ಟನ್ನಿನ ಅಧಿಕಾರಿ ನಮ್ಮ ಹೊಸ್ತಿಲು ತುಳಿಯಕೂಡದು: ಅಮೆರಿಕದ ಸಂಪ್ರದಾಯವಾದಿಗಳು ಎದ್ದರೂ ಕೂತರೂ ಜಪಿಸುವ ಮಂತ್ರವಿದು. ಬಂದೂಕಿನ ಕಪಾಟು, ಮಕ್ಕಳ ಪಠ್ಯಪುಸ್ತಕ, ಆಸ್ಪತ್ರೆಯ ಬಿಲ್ಲು, ಯಾವುದಕ್ಕೂ ಕೇಂದ್ರ ಕೈ ಹಾಕಬಾರದು. ಇಂಥವರಿಗೆ 2004ರಲ್ಲಿ ಒಂದು ಸಣ್ಣ ವಿನಾಯಿತಿ ಹೊಳೆಯಿತು. ಮದುವೆ ಮಂಟಪದ ಬಾಗಿಲಲ್ಲಿ ಮಾತ್ರ ಸಾಕ್ಷಾತ್ ಕೇಂದ್ರ ಸರ್ಕಾರವೇ ದೊಣ್ಣೆ ಹಿಡಿದು ನಿಂತು, ಒಳಗೆ ಹೋಗುವ ಜೋಡಿಯಲ್ಲಿ ಗಂಡೆಷ್ಟು, ಹೆಣ್ಣೆಷ್ಟು ಎಂದು ಎಣಿಸಲಿ!

ಕಾರಣ ಮ್ಯಾಸಚೂಸೆಟ್ಸ್. 2003ರ ನವೆಂಬರ್ 18ರಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ, ಸಲಿಂಗ ಜೋಡಿಗಳಿಗೆ ಮದುವೆಯ ಹಕ್ಕನ್ನು ನಿರಾಕರಿಸುವಂತಿಲ್ಲ ಎಂದಿತು. ದೇಶದಲ್ಲೇ ಅತಿ ಕಡಿಮೆ ವಿಚ್ಛೇದನಗಳಾಗುವ ರಾಜ್ಯಗಳಲ್ಲಿ ಅದೂ ಒಂದು. ಮದುವೆಗಳು ಒಂದಿಷ್ಟು ಬಾಳಿಕೆ ಬರುತ್ತಿದ್ದ ನಾಡಿನಿಂದಲೇ ಮದುವೆಗೆ ಗಂಡಾಂತರ ಬಂತೆಂದು ಬೊಬ್ಬೆ ಎದ್ದಿತು. ಅದೇ ಚಳಿಗಾಲದಲ್ಲಿ ಗಾಯಕಿ ಬ್ರಿಟ್ನಿ ಸ್ಪಿಯರ್ಸ್ ಲಾಸ್ ವೇಗಸ್‌ನಲ್ಲಿ ಬಾಲ್ಯದ ಗೆಳೆಯನನ್ನು ಮದುವೆಯಾಗಿ, 55 ಗಂಟೆಗಳಲ್ಲಿ ರದ್ದು ಮಾಡಿಕೊಂಡರು. ಒಬ್ಬ ಗಂಡು, ಒಬ್ಬಳು ಹೆಣ್ಣು, ಪಾವಿತ್ರ್ಯಕ್ಕೆ ಕುಂದಿಲ್ಲ. 2004ರ ಫೆಬ್ರವರಿ 24ರಂದು ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್, ಮದುವೆಯನ್ನು ಉಳಿಸಲು ಸಂವಿಧಾನವನ್ನೇ ತಿದ್ದಬೇಕೆಂದು ಘೋಷಿಸಿದರು.

ನೂರಕ್ಕೂ ಹೆಚ್ಚು ತಿದ್ದುಪಡಿ ಕಂಡ ಸಂವಿಧಾನದಡಿ ಬದುಕುವ ನಮಗೆ ಇದರ ಗಾಂಭೀರ್ಯ ತಟ್ಟಲಿಕ್ಕಿಲ್ಲ. ಅಮೆರಿಕದವರು ಇನ್ನೂರು ವರ್ಷ ದಾಟಿದರೂ 27ಕ್ಕೆ ನಿಂತಿದ್ದಾರೆ. ಮನೆಮಂದಿಯ ನಡತೆ ತಿದ್ದಲು ಹೊರಟ ಪಾನನಿಷೇಧದ ತಿದ್ದುಪಡಿ 1919ರಲ್ಲಿ ಅಂಗೀಕಾರವಾಯಿತು. 1933ರಲ್ಲಿ ಇನ್ನೊಂದು ತಿದ್ದುಪಡಿ ತಂದು ಅದನ್ನು ಕಿತ್ತೊಗೆದು, ಲೋಟ ತುಂಬಿಸಿಕೊಂಡರು.

ಈ ಸಲ ಮೊದಲು ಮುನಿದವರು ಸಲಿಂಗ ವಿವಾಹ ನಿಷೇಧದ ಹಳೆಯ ಮೇಸ್ತ್ರಿಯೇ. ಜಾರ್ಜಿಯಾದ ರಿಪಬ್ಲಿಕನ್ ಸಂಸದರಾಗಿದ್ದ ಬಾಬ್ ಬಾರ್ 1996ರಲ್ಲಿ ಮದುವೆ ಸಂರಕ್ಷಣಾ ಕಾಯ್ದೆಯನ್ನು ಮಂಡಿಸಿ, ಕೇಂದ್ರದ ಮಟ್ಟಿಗೆ ಮದುವೆಯೆಂದರೆ ಗಂಡು ಹೆಣ್ಣಿನದಷ್ಟೇ ಎಂದು ವಿಧಿಸಿದವರು. ಸ್ವತಃ ಮೂರು ಬಾರಿ ಮದುವೆಯಾದವರು, ಆದ್ದರಿಂದ ವಿಷಯದ ಅನುಭವಕ್ಕೆ ಕೊರತೆಯಿರಲಿಲ್ಲ. (ಅದಕ್ಕೆ ಸಹಿ ಹಾಕಿದ್ದು ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್, ಅದೂ ಮಧ್ಯರಾತ್ರಿ ಕಳೆದ ಮೇಲೆ. ನಾಚಿಕೆಗೂ ಒಂದು ಮುಹೂರ್ತ ಇರುತ್ತದೆ.) ಇದೇ ಬಾರ್ 2004ರಲ್ಲಿ ಸಂಸದೀಯ ಸಮಿತಿಯ ಮುಂದೆ ಕೂತು, ತಿದ್ದುಪಡಿ ಬೇಡ, ಮದುವೆ ರಾಜ್ಯಗಳಿಗೆ ಬಿಟ್ಟ ವಿಷಯ ಎಂದರು. ಮಾತು ಸುಳ್ಳಲ್ಲ. ನಮ್ಮ ಕಡೆಯವರು ಸಂಭ್ರಮದಿಂದ ತರುವ ಸೋದರತ್ತೆಯ ಮಗಳ ಸಂಬಂಧ ಕ್ಯಾಲಿಫೋರ್ನಿಯಾದಲ್ಲಿ ಸಿಂಧು, ಕೆಂಟಕಿಯಲ್ಲಿ ಅಸಿಂಧು. ಇದರಿಂದ ಅಮೆರಿಕ ಇದುವರೆಗೆ ಕುಸಿದಿಲ್ಲ.

ತಿದ್ದುಪಡಿ ಬೇಕೇ ಬೇಕು ಎಂದು ಸೆನೆಟ್ ಸಮಿತಿಗೆ ಹೇಳಿಕೆ ಕೊಟ್ಟವರು ಮ್ಯಾಸಚೂಸೆಟ್ಸ್‌ನ ಗವರ್ನರ್ ಮಿಟ್ ರೋಮ್ನಿ. ಅವರ ಮುತ್ತಜ್ಜ ಹಲವು ಹೆಂಡಿರ ಒಡೆಯ. ಅಮೆರಿಕದ ಕಾನೂನು ಅದನ್ನು ಸಹಿಸದ್ದರಿಂದ ಸಂಸಾರಗಳ ಸಮೇತ ಮೆಕ್ಸಿಕೋಗೆ ಹೋದವರು. ಮದುವೆಯೆಂದರೆ ಅನಾದಿಯಿಂದಲೂ ಒಂದು ಗಂಡು, ಒಂದು ಹೆಣ್ಣು ಎಂದು ಒತ್ತಿ ಹೇಳುವ ಹೊಣೆ ಇಂಥ ಮನೆತನದ ಕುಡಿಗೇ ಬರಬೇಕೇ!

ಅತ್ತ, ತಿದ್ದುಪಡಿ ಸಾಲದು ಎಂದು ಮುನಿದವರ ಗುಂಪೊಂದಿತ್ತು. ಕರಡಿನಲ್ಲಿದ್ದದ್ದು ಎರಡೇ ವಾಕ್ಯ. ಮೊದಲನೆಯದು, ಮದುವೆ ಗಂಡು ಹೆಣ್ಣಿನ ನಡುವೆ ಮಾತ್ರ. ಎರಡನೆಯದು ಎಷ್ಟು ಸುರುಳಿ ಸುತ್ತಿಕೊಂಡಿತ್ತೆಂದರೆ, ಮದುವೆಯ ಹೆಸರಿಲ್ಲದೆ ಅದರ ಸವಲತ್ತುಗಳನ್ನೆಲ್ಲ ಕೊಡುವ ನಾಗರಿಕ ಒಕ್ಕೂಟ ಪದ್ಧತಿಗೆ ಅದರಡಿ ಅವಕಾಶ ಇದೆಯೋ ಇಲ್ಲವೋ ಎಂಬ ಬಗ್ಗೆ ಬೆಂಬಲಿಗರಲ್ಲೇ ಒಮ್ಮತವಿರಲಿಲ್ಲ. ಕರಡನ್ನು ತಿದ್ದಿ ರಾಜ್ಯ ಶಾಸನಸಭೆಗಳಿಗೆ ಆ ಅವಕಾಶ ಬಿಟ್ಟಾಗ, ಕನ್ಸರ್ನ್ಡ್ ವಿಮೆನ್ ಫಾರ್ ಅಮೆರಿಕದಂಥ ಕಟ್ಟಾ ಸಂಘಟನೆ ಬೆಂಬಲ ಕೊಡಲಿಲ್ಲ. ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಡುತ್ತೀರಾ ಎಂಬುದು ಅವರ ಆಕ್ಷೇಪ. ಸ್ವತಃ ಬುಷ್ ಅಕ್ಟೋಬರ್ ಕೊನೆಯಲ್ಲಿ ಟೀವಿಯಲ್ಲಿ ಕಾಣಿಸಿಕೊಂಡು, ರಾಜ್ಯಗಳು ನಾಗರಿಕ ಒಕ್ಕೂಟಕ್ಕೆ ಒಪ್ಪಿದರೆ ತಮ್ಮ ಅಡ್ಡಿಯಿಲ್ಲ ಎಂದರು. ಅವರದೇ ರಿಪಬ್ಲಿಕನ್ ಪಕ್ಷದ ಪ್ರಣಾಳಿಕೆ ಅದನ್ನು ವಿರೋಧಿಸಿತ್ತು. ಇತ್ತ ಅಂಕಣಕಾರ ಡೇವಿಡ್ ಬ್ರೂಕ್ಸ್ ಇನ್ನೂ ಮುಂದೆ ಹೋಗಿದ್ದರು: ನಿಷ್ಠೆ, ಬಾಂಧವ್ಯ, ಸಂಸಾರ ಎಂದೆಲ್ಲ ನಂಬುವ ಸಂಪ್ರದಾಯವಾದಿಗಳು ಸಲಿಂಗಿಗಳಿಗೆ ಮದುವೆಯಾಗಿ ಎಂದು ಒತ್ತಾಯ ಮಾಡಬೇಕು, ತಡೆಯುವುದಲ್ಲ. ತರ್ಕ ಗಟ್ಟಿಯಾಗಿತ್ತು. ಚುನಾವಣಾ ವರ್ಷದಲ್ಲಿ ತರ್ಕಕ್ಕೆ ಮತಪತ್ರದಲ್ಲಿ ಜಾಗವಿರುವುದಿಲ್ಲ.

ಎಲ್ಲರಿಗಿಂತ ಇಕ್ಕಟ್ಟು ಉಪಾಧ್ಯಕ್ಷ ಡಿಕ್ ಚೇನಿ ಅವರದು. ಯುದ್ಧಕ್ಕೆ ಹೆದರದ ಮನುಷ್ಯ. ಮನೆಯಲ್ಲಿ ಸಲಿಂಗಿ ಮಗಳು, ಅದೂ ಅಪ್ಪನ ಪ್ರಚಾರದಲ್ಲೇ ದುಡಿಯುತ್ತಿದ್ದ ಮಗಳು. ಆಗಸ್ಟ್‌ನಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಯಾರೋ ಕೇಳಿಯೇಬಿಟ್ಟರು. ಸ್ವಾತಂತ್ರ್ಯವೆಂದರೆ ಎಲ್ಲರಿಗೂ ಸ್ವಾತಂತ್ರ್ಯ, ಮದುವೆಯ ವಿಚಾರವನ್ನು ರಾಜ್ಯಗಳು ನೋಡಿಕೊಳ್ಳಲಿ, ಆದರೆ ನೀತಿ ನಿರ್ಧರಿಸುವವರು ಅಧ್ಯಕ್ಷರು ಎಂದರು ಚೇನಿ. ಒಂದೇ ಉತ್ತರದಲ್ಲಿ ಅಪ್ಪ, ಸಿದ್ಧಾಂತಿ, ನೌಕರ ಮೂವರೂ ಮಾತಾಡಿದ್ದರು.

ಅಷ್ಟರಲ್ಲಿ ಸೆನೆಟ್‌ನ ನಾಟಕ ಮುಗಿದಿತ್ತು. ತಿದ್ದುಪಡಿ ದಾಟಲು ನೂರರಲ್ಲಿ 67 ಮತ ಬೇಕು. ಅಷ್ಟು ಬೀಳುವುದಿಲ್ಲ ಎಂಬುದು ಸದನದ ಗೋಡೆಗಳಿಗೂ ಗೊತ್ತಿತ್ತು. ಆದರೂ ಪೆನ್ಸಿಲ್ವೇನಿಯಾದ ರಿಕ್ ಸ್ಯಾಂಟೋರಂ ಎದ್ದು ನಿಂತು, ಮದುವೆಯನ್ನು ಕಾಪಾಡುವುದಕ್ಕಿಂತ ದೊಡ್ಡ ದೇಶರಕ್ಷಣೆ ಬೇರೆ ಏನಿದೆ ಎಂಬ ಅರ್ಥದಲ್ಲಿ ಗುಡುಗಿದರು. ಸೆಪ್ಟೆಂಬರ್ 11ರ ದಾಳಿ ನಡೆದು ಮೂರು ವರ್ಷವೂ ಆಗಿರಲಿಲ್ಲ. ಕೊನೆಗೆ ಯಾವ ಕರಡಿಗೆ ಮತ ಹಾಕುವುದು ಎಂಬುದರಲ್ಲೇ ತಕರಾರು ಹತ್ತಿತು. ಡೆಮಾಕ್ರಟರು ಮುಂದಿರುವ ಕರಡಿಗೆ ಈಗಲೇ ಮತ ಹಾಕೋಣ ಎಂದರೆ, ಅದನ್ನು ತಂದವರೇ ಹಿಂಜರಿದು, ಒಂದೇ ವಾಕ್ಯದ ಇನ್ನೊಂದು ಕರಡಿಗೂ ಅವಕಾಶ ಕೇಳಿದರು. ಹೀಗಾಗಿ ಜುಲೈ 14ರಂದು ಮತಕ್ಕೆ ಬಿದ್ದದ್ದು ತಿದ್ದುಪಡಿಯಲ್ಲ. ಚರ್ಚೆ ಮುಗಿಸಿ ಮತಕ್ಕೆ ಹಾಕೋಣವೇ ಎಂಬ ಪ್ರಶ್ನೆ. ಅದಕ್ಕೆ 60 ಮತ ಬೇಕಿತ್ತು. ಪರ 48, ವಿರುದ್ಧ 50. ಆರು ರಿಪಬ್ಲಿಕನ್ನರೇ ಕೈಕೊಟ್ಟರು. ಅವರಲ್ಲೊಬ್ಬರಾದ ಜಾನ್ ಮೆಕೇನ್, ಈ ತಿದ್ದುಪಡಿ ರಿಪಬ್ಲಿಕನ್ ಸಿದ್ಧಾಂತದ ತಿರುಳಿಗೇ ವಿರುದ್ಧ ಎಂದು ಸದನದಲ್ಲೇ ಹೇಳಿದ್ದರು. ಮತ ಹಾಕದ ಇಬ್ಬರು ಯಾರೆಂದರೆ, ಅಧ್ಯಕ್ಷ ಮತ್ತು ಉಪಾಧ್ಯಕ್ಷ ಪದವಿಗೆ ಡೆಮಾಕ್ರಟರ ಅಭ್ಯರ್ಥಿಗಳಾಗಿದ್ದ ಜಾನ್ ಕೆರ್ರಿ ಮತ್ತು ಜಾನ್ ಎಡ್ವರ್ಡ್ಸ್. ಧೈರ್ಯದ ವಿಷಯದಲ್ಲಿ ಎರಡೂ ಪಕ್ಷಗಳು ಸಮಬಲ ಸಾಧಿಸಿದವು.

ನವೆಂಬರ್‌ನಲ್ಲಿ 11 ರಾಜ್ಯಗಳ ಮತದಾರರು ತಮ್ಮ ತಮ್ಮ ರಾಜ್ಯ ಸಂವಿಧಾನಗಳಲ್ಲಿ ನಿಷೇಧ ಬರೆದುಕೊಂಡರು, ಬುಷ್ ಗೆದ್ದರು. ಮದುವೆಯ ಮೇಲೆ ಕವಿದಿದ್ದ ಗಂಡಾಂತರ ಕೂಡಲೇ ಕರಗಿತು. ಜನವರಿಯಲ್ಲಿ ಬುಷ್, ಹಳೆಯ ಕಾಯ್ದೆಯೇ ಸಾಕೆಂದು ಎಷ್ಟೋ ಸೆನೆಟರುಗಳು ಭಾವಿಸಿರುವಾಗ ಈ ತಿದ್ದುಪಡಿ ಮುಂದೆ ಸಾಗದು ಎಂದು ಸಮಾಧಾನವಾಗಿ ನುಡಿದರು. ಗಂಡಾಂತರ ಮತ್ತೆ ಮರುಕಳಿಸಿದ್ದು 2006ರ ಜೂನ್‌ನಲ್ಲಿ. ಅದೂ ಚುನಾವಣಾ ವರ್ಷ, ಕಾಕತಾಳೀಯ ಎನ್ನೋಣ. ಈ ಬಾರಿ ಪರ 49, ವಿರುದ್ಧ 48. ಎರಡು ವರ್ಷಗಳ ಪ್ರಾರ್ಥನೆ, ಪ್ರವಚನ, ಚಂದಾ ವಸೂಲಿಯ ಫಲ ಒಂದು ಮತ. ಇದೇ ವೇಗದಲ್ಲಿ ಹೋದರೆ ಚರ್ಚೆ ಮುಗಿಸಲು ಬೇಕಾದ 60 ಮತ 2028ಕ್ಕೆ ಸಿಗುತ್ತದೆ, ತಿದ್ದುಪಡಿಗೆ ಬೇಕಾದ 67 ಮತ 2042ಕ್ಕೆ.

ಅಲ್ಲಿಯವರೆಗೆ ಕಾಯುವ ವ್ಯವಧಾನ ಎಲ್ಲರಿಗೂ ಇರಲಿಲ್ಲ. 2004ರಲ್ಲಿ ಬುಷ್ ಪ್ರಚಾರದ ಮುಖ್ಯಸ್ಥರಾಗಿದ್ದ ಕೆನ್ ಮೆಲ್ಮನ್ 2010ರಲ್ಲಿ ತಾವೂ ಸಲಿಂಗಿ ಎಂದು ಬಹಿರಂಗಪಡಿಸಿ, ಸಲಿಂಗ ವಿವಾಹದ ಪರ ಕೆಲಸಕ್ಕಿಳಿದರು. 2000ದ ಚುನಾವಣಾ ವ್ಯಾಜ್ಯದಲ್ಲಿ ಬುಷ್ ಪರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿ ಗೆದ್ದ ಟೆಡ್ ಓಲ್ಸನ್, ಕ್ಯಾಲಿಫೋರ್ನಿಯಾದ ನಿಷೇಧದ ವಿರುದ್ಧ ಕರಿಕೋಟು ತೊಟ್ಟರು. 2013ರಲ್ಲಿ ಮೇನ್ ರಾಜ್ಯದಲ್ಲಿ ನಡೆದ ಇಬ್ಬರು ಮಹಿಳೆಯರ ಮದುವೆಗೆ ಸಾಕ್ಷಿಯಾಗಿ ಸಹಿ ಹಾಕಿದವರು ಹಿರಿಯ ಬುಷ್, ತಿದ್ದುಪಡಿ ಬೇಕೆಂದ ಅಧ್ಯಕ್ಷರ ತಂದೆ. 2015ರಲ್ಲಿ ಇಡೀ ದೇಶಕ್ಕೆ ಸಲಿಂಗ ವಿವಾಹದ ಹಕ್ಕು ಕೊಟ್ಟ ತೀರ್ಪು ಬರೆದ ನ್ಯಾಯಮೂರ್ತಿ ಆಂಥನಿ ಕೆನಡಿಯನ್ನು ನೇಮಿಸಿದ್ದು ರೊನಾಲ್ಡ್ ರೇಗನ್. 2022ರಲ್ಲಿ ಬಾರ್ ಅವರ 1996ರ ಕಾಯ್ದೆಯನ್ನು ಪುಸ್ತಕದಿಂದಲೇ ಅಳಿಸುವ ಮಸೂದೆಗೆ 12 ರಿಪಬ್ಲಿಕನ್ ಸೆನೆಟರುಗಳು ಮತ ಹಾಕಿದರು. ಅವರಲ್ಲೊಬ್ಬರು ಯೂಟಾದ ಸೆನೆಟರ್ ಆಗಿದ್ದ ಮಿಟ್ ರೋಮ್ನಿ.

ಹಾಗೆಂದು ಕಥೆ ಮುಗಿಯಿತು ಎನ್ನುವಂತಿಲ್ಲ. 2025ರ ಜೂನ್‌ನಲ್ಲಿ ಡಲ್ಲಾಸ್‌ನಲ್ಲಿ ಸೇರಿದ, ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟಂಟ್ ಕ್ರೈಸ್ತ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟರ ಸಮಾವೇಶ, 2015ರ ತೀರ್ಪನ್ನು ತಳ್ಳಿಹಾಕಬೇಕೆಂದು ನಿರ್ಣಯ ಅಂಗೀಕರಿಸಿದೆ. ಅವರ ಲೆಕ್ಕಕ್ಕೆ ಅವಸರವಿಲ್ಲ, 2042 ಇನ್ನೂ ದೂರವಿದೆ.